ಉರಿಯದ ಚೀಟಿಗಳು

"ಇದು ನಾನು ಬರೆದದ್ದು ಅಂತ ಹೇಳೋಕೆ ನನಗೇ ನಾಚಿಕೆ ಸಾರ್," ಎಂದು ಕಟಿಂಗ್ ಶಾಪಿನ ಯಜಮಾನ ಆ ಚೀಟಿಯನ್ನು ಕನ್ನಡಿ ಮುಂದಿನ ಹಲಗೆಯ ಮೇಲಿಟ್ಟ.

ಬೆರಳುದ್ದದ ಚೀಟಿ. ಒಂದು ಅಂಚು ಮಾತ್ರ ಕಂದಿತ್ತು. ಉಳಿದ ಭಾಗಕ್ಕೆ ಮೇಣ ಮೆತ್ತಿಕೊಂಡಿತ್ತು, ಅಷ್ಟೇ. 'ನನ್ನ ಕೈ ನಡುಗುವುದು ನಿಲ್ಲಲಿ' ಎಂದು ಅದರಲ್ಲಿ ಬರೆದಿತ್ತು. ಅಕ್ಷರಗಳೂ ನಡುಗುತ್ತಿದ್ದವು. ಮೂಲೆಯಲ್ಲಿ ಒಂದು ನಂಬರಿನ ಮೊಹರು.

ಕುರ್ಚಿಯಲ್ಲಿ ಕೆನ್ನೆಗೆಲ್ಲ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ನಮ್ಮ ಮಾತು ಕೇಳಿ, ಯಜಮಾನನ ಕೈಯಲ್ಲಿದ್ದ ಕತ್ತಿಯನ್ನೊಮ್ಮೆ ನೋಡಿದ. ಟವೆಲಿನಿಂದ ತಾನೇ ನೊರೆ ಒರೆಸಿಕೊಂಡು, ನಾಳೆ ಬರ್ತೀನಿ ಎಂದು ಎದ್ದು ಹೋದ. ನನ್ನಿಂದ ಒಬ್ಬ ಬಡವನ ವ್ಯಾಪಾರ ಹಾಳಾಯಿತು.

"ಆಯಮ್ಮ ಯಾವಾಗ ಬಂದಿದ್ರು?"

"ನಿನ್ನೆ ಹನ್ನೊಂದರ ಹೊತ್ತಿಗೆ. ಹೆಗಲ ಮೇಲೆ ಒಂದು ಗೋಣಿಚೀಲ. ನಿಮ್ಮದು ಉರಿದಿಲ್ಲ ಅಣ್ಣ, ಮನೇಲೇ ಹಚ್ಚಿಕೊಳ್ಳಿ ಅಂದ್ರು. ಕ್ಷಮಿಸಿ ಅಂತಾನೂ ಅಂದ್ರು. ಅವರು ಯಾಕೆ ಸಾರ್ ಕ್ಷಮೆ ಕೇಳಬೇಕು?"

ಅದೇ ಪ್ರಶ್ನೆ ನನ್ನದೂ ಆಗಿತ್ತು. ಒಂಬತ್ತು ದಿನದಿಂದ ಮನೆಗೆ ಬಾರದ ತಾಯಿಯನ್ನು ಹುಡುಕಿಕೊಡಿ ಎಂದು ಮಗಳು ನನ್ನ ಬಾಗಿಲಿಗೆ ಬಂದ ಮೇಲೆ, ಜರಡಿಯಕ್ಕ ಹೀಗೆ ಚೀಟಿ ಕೊಟ್ಟುಹೋದ ಮನೆಗಳಲ್ಲಿ ನಾನು ಪತ್ತೆ ಹಚ್ಚಿದ್ದು ಇದು ನಾಲ್ಕನೆಯದು.

ನಮ್ಮೂರ ಸನ್ನಿಧಿಯ ಪದ್ಧತಿ ಸರಳ. ಕೋರಿಕೆಯನ್ನು ಚೀಟಿಯಲ್ಲಿ ಬರೆಯಬೇಕು, ಮೇಣದ ಬತ್ತಿಯ ಬುಡದಲ್ಲಿರುವ ತೂತಿಗೆ ತುರುಕಬೇಕು, ಹಚ್ಚಬೇಕು. ಬತ್ತಿ ಉರಿದು ಉರಿದು ಕೊನೆಗೆ ಚೀಟಿಯೂ ಉರಿದರೆ ಕೋರಿಕೆ ತಲುಪಿತು. ನನ್ನಜ್ಜಿ ಅದು ಪೂರ್ತಿ ಉರಿಯುವವರೆಗೂ ಎದುರಿಗೇ ಕೂತಿರುತ್ತಿದ್ದಳು. ಈಗ ಅಲ್ಲಿ ಕೂರಲು ಜಾಗವಿಲ್ಲ, ಅಲ್ಲೊಂದು ಮಳಿಗೆ ಬಂದಿದೆ. ಬತ್ತಿ ಕೊಳ್ಳುವಾಗಲೇ ಹೆಸರು, ವಿಳಾಸ, ಫೋನ್ ನಂಬರು ಬರೆಸಿಕೊಂಡು ಬತ್ತಿಗೂ ಚೀಟಿಗೂ ಒಂದು ನಂಬರ್ ಹಾಕುತ್ತಾರೆ. ಹಚ್ಚಿದ ಐದು ನಿಮಿಷಕ್ಕೆ ಸೇವಕನೊಬ್ಬ ಬಂದು, ಒಳಗಿನ ಮಂಟಪದಲ್ಲಿಡುತ್ತೇವೆ ಎಂದು ಬತ್ತಿಯನ್ನು ಎತ್ತಿಕೊಂಡು ಹೋಗುತ್ತಾನೆ.

ಒಳಗೆ ಮಂಟಪವೇ ಇಲ್ಲ, ಇದು ನನಗೆ ಗೊತ್ತಾದದ್ದು ಈ ಹುಡುಕಾಟದಲ್ಲಿ. ಹಿಂಬದಿಯಲ್ಲಿ ತಗಡಿನ ಶೆಡ್ಡಿದೆ. ಅಲ್ಲಿ ಬತ್ತಿಯನ್ನು ಆರಿಸುತ್ತಾರೆ, ಕಡಾಯಿಗೆ ಹಾಕಿ ಕರಗಿಸುತ್ತಾರೆ, ಜರಡಿ ಹಿಡಿದು ಚೀಟಿ ತೆಗೆಯುತ್ತಾರೆ, ಮತ್ತೆ ಬತ್ತಿ ಮಾಡುತ್ತಾರೆ. ಆ ಜರಡಿ ಹಿಡಿಯುವ ಹೆಂಗಸೇ ಜರಡಿಯಕ್ಕ. ಚೀಟಿ ಕಡಾಯಿಯಲ್ಲೂ ಯಾಕೆ ಹಾಳಾಗುವುದಿಲ್ಲ ಅಂದರೆ, ಜನ ಚೀಟಿ ಹಿಡಿದು ಫೋಟೋ ತೆಗೆಸಿಕೊಳ್ಳುವಾಗ ಶಾಯಿ ಹರಡುತ್ತದೆ ಎಂದು ದೂರು ಬಂದು, ಕಾಗದಕ್ಕೆ ಅದೇನೋ ಹೊಳಪು ಬಳಿದಿದ್ದಾರೆ. ದೇವರಿಗೆ ತಲುಪದಿದ್ದರೂ ಪರವಾಗಿಲ್ಲ, ಫೋಟೋ ಚೆನ್ನಾಗಿ ಬರಬೇಕು.

"ಮುಂದೆ ಎಲ್ಲಿಗೆ ಹೋಗ್ತೀನಿ ಅಂದ್ರಾ?"

"ವಿಳಾಸದ ಸ್ಟಿಕರ್ ಒಂದು ತೋರಿಸಿ ಓದಿಸಿಕೊಂಡ್ರು. ನೀರಿನ ಟ್ಯಾಂಕಿನ ಹಿಂದಿನ ಲಾಂಡ್ರಿ. ಇವತ್ತು ಅದಕ್ಕೆ ರಜೆ, ನಾಳೆ ಮಧ್ಯಾಹ್ನ ಮೂರರ ಮೇಲೆ ಹೋಗಿ, ಅದಕ್ಕೆ ಮುಂಚೆ ಬಾಗಿಲು ತೆಗೆಯೋದಿಲ್ಲ ಅಂದೆ."

ನಾನು ಏಳುವಾಗ ಅವನ ಮಣಿಕಟ್ಟಿನ ತಾಮ್ರದ ಬಳೆ ಕಣ್ಣಿಗೆ ಬಿತ್ತು. ಸನ್ನಿಧಿಯಿಂದ ಫೋನಿಗೆ ಮೆಸೇಜು ಬಂದಿತ್ತಂತೆ, ಕೈ ನಡುಕಕ್ಕೆ ವಿಶೇಷ ಬಳೆ ಇದೆ ಎಂದು.

"ನನ್ನ ಕೈ ನಡುಗತ್ತೆ ಅಂತ ನಾನು ಯಾರಿಗೂ ಹೇಳಿರಲಿಲ್ಲ ಸಾರ್," ಎಂದ. "ಸನ್ನಿಧಿಯ ಒಳಗಿರೋನೇ ಹೇಳಿ ಕಳಿಸಿದ್ದಾನೆ ಅಂದುಕೊಂಡು ತಗೊಂಡೆ."

ಚೀಟಿಯನ್ನು ಎರವಲು ಕೇಳಿ ಜೇಬಿಗೆ ಹಾಕಿಕೊಂಡೆ.

ಗಂಟೆ ಹನ್ನೆರಡೂವರೆ. ಮೂರು ಗಂಟೆಗೆ ಮುಂಚೆ ನಾನು ಮಾಡಬೇಕಾದ್ದು ಒಂದೇ ಇತ್ತು. ಮಳಿಗೆಯ ಮ್ಯಾನೇಜರನ ಇಬ್ಬರು ಆಳುಗಳು ಮೂರು ದಿನದಿಂದ ಬೈಕಿನಲ್ಲಿ ನನ್ನ ಬೆನ್ನು ಬಿದ್ದಿದ್ದರು. ಜರಡಿಯಕ್ಕ ಅವರ ಕೈಗೆ ಸಿಗಬಾರದು. ಅವರನ್ನು ಮೊದಲು ಹಿಂದಕ್ಕೆ ಕರೆಸಬೇಕಿತ್ತು.

ಮಳಿಗೆಯೊಳಗೆ ಹೆಜ್ಜೆ ಇಟ್ಟರೆ ಕಣ್ಣು ಕುಕ್ಕುತ್ತದೆ. ಸಾದಾ ಬತ್ತಿ, ಎಕ್ಸ್‌ಪ್ರೆಸ್ ಬತ್ತಿ, ಕುಟುಂಬದ ಪ್ಯಾಕು. ಕ್ಷಮೆ ಕೇಳುವವರಿಗೆ ನೀಲಿ ಬತ್ತಿ, ಅದರಲ್ಲೂ ಎರಡು ಬಗೆಯ ಸುವಾಸನೆ. ಜ್ವಾಲೆಯ ಚಿತ್ರವಿರುವ ದಿಂಬು, ಕಪ್ಪು, ಕೀಚೈನು. 'ಸನ್ನಿಧಿಯ ಮೌನ' ಎಂಬ ಒಂದು ಗಂಟೆಯ ರೆಕಾರ್ಡಿಂಗ್ ಕೂಡ ಮಾರಾಟಕ್ಕಿತ್ತು. ಅದು ಮಾತ್ರ ಅವರಿಗೆ ಎಲ್ಲಿ ಸಿಕ್ಕಿತೋ ನಾ ಕಾಣೆ, ಆ ಜಾಗದಲ್ಲಿ ಒಂದು ನಿಮಿಷ ಮೌನವಿದ್ದದ್ದನ್ನು ನಾನಂತೂ ಕೇಳಿಲ್ಲ. ಒಳಗಿರುವವನ ಮೇಲೆ ನನಗೆ ಯಾವ ತಕರಾರೂ ಇಲ್ಲ. ಹೊರಗೆ ಗಲ್ಲಾ ಹಾಕಿಕೊಂಡು ಕೂತವರನ್ನು ಕಂಡರೆ ಮೈ ಉರಿಯುತ್ತದೆ.

"ಬನ್ನಿ ಸಾರ್, ಬನ್ನಿ. ಟೀ ತರಿಸಲಾ?" ಮ್ಯಾನೇಜರ್ ಎದ್ದು ನಿಂತು ಕೈ ಚಾಚಿದ. ಅವನಿಗೆ ನಗೆಮುಖ ಎಂದೇ ಅಡ್ಡಹೆಸರು. ಸಾವಿನ ಮನೆಗೆ ಹೋದರೂ ಆ ನಗು ಹೋಗುವುದಿಲ್ಲ.

"ಟೀ ಬೇಡ. ಬೈಕಿನಲ್ಲಿ ತಿರುಗ್ತಿರೋ ಆ ಇಬ್ಬರನ್ನ ವಾಪಸ್ ಕರೆಸಿ."

"ಯಾವ ಇಬ್ಬರು?"

"ನನ್ನ ಕಿವಿ ಮೇಲೆ ಹೂ ಇಡಬೇಡಿ."

ಅವನು ಕೂತ. "ಆಯಮ್ಮ ಸನ್ನಿಧಿಯ ಆಸ್ತಿ ಹೊತ್ತುಕೊಂಡು ಹೋಗಿದ್ದಾರೆ ಸಾರ್. ಹುಡುಕಬಾರದಾ?"

"ಉರಿದುಹೋಗಿರಬೇಕಾದ ಚೀಟಿ ಯಾವಾಗಿಂದ ಆಸ್ತಿ ಆಯ್ತು?"

ಕಟಿಂಗ್ ಶಾಪಿನವನ ಚೀಟಿಯನ್ನು ಮೇಜಿನ ಮೇಲಿಟ್ಟೆ. ನಗೆಮುಖ ಅದರ ಬರಹವನ್ನು ನೋಡಲೇ ಇಲ್ಲ. ಮೊಹರಿನ ನಂಬರನ್ನು ಮೇಜಿನ ಮೇಲಿದ್ದ ಪಟ್ಟಿಯಲ್ಲಿ ನೋಡಿ, "ಆರೋಗ್ಯ ವಿಭಾಗ," ಎಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಬಳೆಯ ಗುಟ್ಟು ನನಗೆ ಆಗ ಬಗೆಹರಿಯಿತು.

"ಜನ ದೇವರಿಗೆ ಬರೆದದ್ದನ್ನ ನೀವು ಕೂತು ಓದ್ತೀರಾ?"

"ಯಾರಾದ್ರೂ ಓದಬೇಕಲ್ಲ ಸಾರ್."

ಬಹಳ ಸಹಜವಾಗಿ ಅಂದ. ಅವನು ಮುಂದುವರಿಸಿದ. ಮದುವೆ, ಆರೋಗ್ಯ, ಪರೀಕ್ಷೆ, ಕೋರ್ಟು ಎಂದು ವಿಂಗಡಿಸಲು ಮೂವರು ಗುಮಾಸ್ತರಿದ್ದಾರಂತೆ. ಯಾರಿಗೆ ಏನು ನೋವಿದೆ ಎಂದು ತಿಳಿಯದೆ ಯಾರಿಗೆ ಏನು ಕೊಡೋದು ಸಾರ್, ಇದೂ ಒಂದು ಸೇವೆಯೇ ಎಂದ. ಅವನ ದನಿಯಲ್ಲಿ ಕಪಟವೂ ಇರಲಿಲ್ಲ. ಅದನ್ನು ಅವನು ನಿಜವಾಗಿ ನಂಬಿದ್ದ.

"ಜರಡಿಯಕ್ಕನ ತಂಟೆಗೆ ಹೋಗಬೇಡಿ."

"ಆಯಮ್ಮನ ತಲೆ ಕೆಟ್ಟು ಆರು ವರ್ಷ ಆಯ್ತು ಸಾರ್, ಗಂಡ ಬಿಟ್ಟುಹೋದಾಗಿಂದ." ನಗು ಇನ್ನಷ್ಟು ಅಗಲವಾಯಿತು. "ನಿಮಗೆ ಗೊತ್ತಿಲ್ಲದ್ದೇನು? ಆ ಫೈಲು ಮುಚ್ಚಿದ್ದು ನೀವೇ ಅಲ್ವಾ?"

ಇದನ್ನು ನಾನು ಓದುಗರಿಗೆ ಇದುವರೆಗೆ ಹೇಳಿರಲಿಲ್ಲ. ನಾಚಿಕೆ ಅಂದುಕೊಳ್ಳಿ. ಮಗಳು ನನ್ನ ಬಾಗಿಲಿಗೆ ಬಂದ ದಿನವೇ ಅವಳ ಗುರುತು ಹಿಡಿದಿದ್ದೆ, ಅವಳಿಗೂ ಹೇಳಿರಲಿಲ್ಲ.

ಆರು ವರ್ಷದ ಹಿಂದೆ, ನಾನಿನ್ನೂ ಇನ್ಸ್‌ಪೆಕ್ಟರ್ ಆಗಿದ್ದಾಗ, ಸನ್ನಿಧಿಯ ಕಡಾಯಿ ಕೋಣೆಗೆ ಬೆಂಕಿ ಬಿದ್ದಿತ್ತು. ಅದೇ ವಾರ ಕಡಾಯಿ ಕಾಯಿಸುವ ಕೆಲಸದವನು ಕಾಣೆಯಾಗಿದ್ದ. ಜಗಳವಾಡಿ ಹೋದ ಗಂಡ ಮನೆಗೆ ಬಂದಿಲ್ಲ, ಹುಡುಕಿಕೊಡಿ ಎಂದು ಜರಡಿಯಕ್ಕ ಠಾಣೆಗೆ ಬಂದಳು. ಬೆಂಕಿಯಲ್ಲಿ ಯಾರೂ ಇರಲಿಲ್ಲ, ಅವನು ಎರಡು ದಿನ ಮೊದಲೇ ಹೆಂಡತಿಯೊಂದಿಗೆ ಜಗಳವಾಡಿ ಊರು ಬಿಟ್ಟಿದ್ದ ಎಂದು ಮ್ಯಾನೇಜರ್ ಹೇಳಿದ. ಸಾಕ್ಷಿಗೆ ಮಗಳನ್ನು ಇದೇ ಕೋಣೆಗೆ, ಇದೇ ಮೇಜಿನ ಮುಂದೆ ಕರೆಸಿದ್ದ. ಅವಳಿಗೆ ಆಗ ಹದಿನೇಳು. ಹೇಳಿಕೆಯನ್ನು ಅವಳ ಕೈಯಲ್ಲೇ ಬರೆಸಿದ್ದ.

ನಾನು ಮೂರು ಪ್ರಶ್ನೆ ಕೇಳಿದೆ. ಮೂರಕ್ಕೂ ಅವಳು ಹೂಂ ಅಂದಳು, ನನ್ನ ಮುಖ ನೋಡದೆ ಮ್ಯಾನೇಜರನ ಮುಖ ನೋಡಿ. ಅದನ್ನು ನಾನು ಗಮನಿಸಿದೆ. ಗಮನಿಸಿಯೂ ಆ ಹೇಳಿಕೆಯ ಕೆಳಗೆ ಸಹಿ ಹಾಕಿ, 'ಸ್ವಂತ ಇಚ್ಛೆಯಿಂದ ಮನೆ ಬಿಟ್ಟಿದ್ದಾನೆ' ಎಂದು ಬರೆದು ಫೈಲು ಮುಚ್ಚಿದೆ. ಲಂಚ ತಿಂದಿರಲಿಲ್ಲ, ಯಾರೂ ಒತ್ತಡ ಹಾಕಿರಲಿಲ್ಲ. ಆವತ್ತು ಬೇಗ ಮನೆಗೆ ಹೋಗಬೇಕಿತ್ತು, ಅಷ್ಟೇ ಕಾರಣ. ಲಂಚ ತಿಂದಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ಪಾಪವಾದರೂ ಇರುತ್ತಿತ್ತು.

"ಸಂಜೆ ಐದರೊಳಗೆ ಚೀಲ ನನ್ನ ಮೇಜಿನ ಮೇಲಿರಲಿ ಸಾರ್," ಎಂದ ನಗೆಮುಖ. "ಇಲ್ಲದಿದ್ರೆ ಕಳ್ಳತನದ ದೂರು ಕೊಡ್ತೀನಿ. ಈ ವಯಸ್ಸಲ್ಲಿ ಆಯಮ್ಮ ಜೈಲಿಗೆ ಹೋಗೋದು ನಿಮಗೂ ಇಷ್ಟ ಇರಲಾರದು. ತಂದುಕೊಟ್ರೆ ನಿಮ್ಮ ಮನೆಯವರ ಹೆಸರಲ್ಲಿ ಆಜೀವ ಬತ್ತಿ ಹಚ್ಚಿಸ್ತೀನಿ, ಉಚಿತ."

"ಅವಳು ತೀರಿಕೊಂಡು ನಾಲ್ಕು ವರ್ಷ ಆಯ್ತು."

"ಅದಕ್ಕೂ ಒಂದು ಸ್ಕೀಮ್ ಇದೆ ಸಾರ್."

ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. ಚೀಟಿ ಎತ್ತಿಕೊಂಡು ಹೊರಗೆ ಬಂದೆ.

ಮಗಳು ಎರಡನೇ ಕೌಂಟರಿನಲ್ಲಿದ್ದಳು. ತಲೆಗೆ ಜ್ವಾಲೆಯ ಚಿತ್ರದ ಟೋಪಿ. ಗಿರಾಕಿಗಳು ತೆಳುವಾಗುವುದನ್ನು ಕಾದು ಹತ್ತಿರ ಹೋದೆ.

"ಅಮ್ಮ ಸಿಕ್ಕಿದ್ರಾ ಸಾರ್?"

"ಇವತ್ತು ಸಿಗ್ತಾರೆ. ಚೆನ್ನಾಗಿದ್ದಾರಂತೆ, ನೋಡಿದವರು ಹೇಳಿದ್ರು."

ಅವಳು ಕಣ್ಣು ಮುಚ್ಚಿ ತೆರೆದಳು. ಆ ನೆಮ್ಮದಿ ನೋಡಿ ನನಗೂ ಹಗುರವಾಯಿತು. ಅವಳಿಗೆ ಹಕ್ಕಿದೆ ಅನ್ನಿಸಿ, ದನಿ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಶೆಡ್ಡು, ಕಡಾಯಿ, ಚೀಲ, ಮನೆಮನೆಗೆ ಹೋಗಿ ಕೊಡುತ್ತಿರುವುದು.

ಅವಳಿಗೆ ಏನೂ ತಿಳಿದಿರಲಿಲ್ಲ. ಕೌಂಟರಿನವರು ಶೆಡ್ಡಿಗೆ ಕಾಲಿಡುವಂತಿಲ್ಲ. ಶೆಡ್ಡಿನವರಿಂದ ಸನ್ನಿಧಿಯ ಮುಂದೆಯೇ ಆಣೆ ಮಾಡಿಸಿಕೊಂಡಿದ್ದರು, ಹೆತ್ತ ಮಗಳಿಗೂ ಹೇಳಬಾರದೆಂದು. ತಾಯಿ ಆರಿಸಿದ ಬತ್ತಿಯನ್ನು ಮಗಳು ಮಾರುತ್ತಿದ್ದಳು, ಇಬ್ಬರೂ ಸಂಜೆ ಒಂದೇ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದರು.

"ಒಂದೂ ಉರಿಯಲ್ವಾ?" ಎಂದಳು.

"ಒಂದೂ ಇಲ್ಲ."

ಕಾಗದದಲ್ಲಿ ಬತ್ತಿ ಸುತ್ತುತ್ತಿದ್ದ ಅವಳ ಕೈ ನಿಂತಿತು. "ನಮ್ಮದೂ?"

"ಯಾರದ್ದಮ್ಮ?"

"ಅಲ್ಲ, ಎಲ್ಲರದ್ದೂನಾ ಅಂದೆ." ಮತ್ತೆ ಕೇಳಿದಳು, "ಅಮ್ಮನಿಗೆ ಓದು ಬರಲ್ಲ ಅಲ್ವಾ ಸಾರ್?"

ತನ್ನ ತಾಯಿಗೆ ಓದು ಬರುತ್ತದೋ ಇಲ್ಲವೋ ಎಂದು ಮಗಳು ನನ್ನನ್ನು ಕೇಳುತ್ತಿದ್ದಾಳೆ. ವಿಚಿತ್ರ ಅನ್ನಿಸಿತು. ಮೂವತ್ತು ವರ್ಷ ಪೊಲೀಸಿನಲ್ಲಿದ್ದವನು ಅಲ್ಲೇ ನಿಂತು ಯೋಚಿಸಬೇಕಿತ್ತು.

"ಬರಲ್ಲ. ದಾರಿಯಲ್ಲಿ ಸಿಕ್ಕಿದವರಿಂದ ಓದಿಸಿಕೊಳ್ತಾರೆ."

ಹುಡುಗಿ ಸುತ್ತುತ್ತಿದ್ದ ಬತ್ತಿಯನ್ನು ಪಕ್ಕಕ್ಕಿಟ್ಟಳು. "ಈಗ ಎಲ್ಲಿದ್ದಾರೆ?"

ಹೇಳಿಬಿಟ್ಟೆ. ನೀರಿನ ಟ್ಯಾಂಕಿನ ಹಿಂದಿನ ಲಾಂಡ್ರಿ, ಮೂರು ಗಂಟೆ. ನೀನು ಇಲ್ಲೇ ಇರು, ನಿನ್ನ ಹಿಂದೆ ಅವರು ಬಂದಾರು ಎಂದೂ ಹೇಳಿದೆ. ಅವಳು ಹೂಂ ಅಂದಳು. ಅವಳ ಹೂಂ ಎಂಥದ್ದು ಎಂದು ನನಗೆ ಮೊದಲೇ ಗೊತ್ತಿರಬೇಕಿತ್ತು.

ಬೈಕಿನವರನ್ನು ಪೇಟೆಯ ಗಲ್ಲಿಗಳಲ್ಲಿ ತಪ್ಪಿಸಿ ಮೂರು ಗಂಟೆಗೆ ಅಲ್ಲಿಗೆ ಮುಟ್ಟಿದೆ. ಲಾಂಡ್ರಿಯ ತುಂಬ ಆವಿ. ಲಾಂಡ್ರಿಯವಳು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ತನಗೆ ಸಿಕ್ಕ ಚೀಟಿಯನ್ನು ಅಂಗೈಯಲ್ಲಿ ಹಿಡಿದು, ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮೂಲೆಯ ಸ್ಟೂಲಿನ ಮೇಲೆ ಜರಡಿಯಕ್ಕ. ಕಾಲ ಬಳಿ ಗೋಣಿಚೀಲ. ಸುಮ್ಮನೆ ಕೂರಲಾಗದ ಜೀವ, ಅವರಿವರ ಹೊದಿಕೆಗಳನ್ನು ಮಡಿಸುತ್ತಿದ್ದಳು. ಮೊಣಕೈವರೆಗೆ ಬಿಸಿ ಮೇಣ ಸಿಡಿದ ಹಳೇ ಕಲೆಗಳು.

"ಅಕ್ಕಾ, ನಾನು ನಿಮ್ಮ ಮಗಳ ಕಡೆಯಿಂದ ಬಂದಿದ್ದೀನಿ."

"ಗೊತ್ತಾಯ್ತು. ನೀವು ಪೊಲೀಸಿನವರಲ್ವಾ. ನನ್ನ ದೂರು ಬರಕೊಂಡಿದ್ರಿ."

ಹೌದು ಎಂದೆ.

"ನೀವು ಬರೆದದ್ದು ಸರಿಯಾಗೇ ಇತ್ತು ಬಿಡಿ ಸಾರ್," ಎಂದಳು, ನನ್ನನ್ನು ಸಮಾಧಾನ ಮಾಡುವವಳಂತೆ. "ಹೋಗೋನು ಹೋದ. ಆರು ವರ್ಷ ಒಂದು ದಿನ ಬಿಡದೆ ಬೈದಿದ್ದೀನಿ ಅವನಿಗೆ. ಅವನ ಬಟ್ಟೆಬರೆ ಎಲ್ಲ ಬೀದಿಗೆ ಎಸೆದೆ. ಮಗಳು ಅವನ ಹೆಸರೆತ್ತಿದ್ರೆ ಊಟ ಬಿಟ್ಟು ಏಳ್ತಿದ್ದೆ. ಈಗ ಅವಳೂ ಎತ್ತಲ್ಲ."

"ಮನೆಗೆ ಹೋಗೋಣ ನಡೀರಿ."

"ಹೋಗೋದು ಹೇಗೆ? ಹೋದ್ರೆ ಎಲ್ಲಿದ್ದೆ ಅಂತ ಕೇಳ್ತಾಳೆ. ಹೇಳಿದ್ರೆ ಆಣೆ ಮುರಿದ ಹಾಗೆ, ಅವಳ ಕೆಲಸಕ್ಕೂ ಕುತ್ತು. ಬಸ್ ನಿಲ್ದಾಣದಲ್ಲೇ ಮಲಗ್ತೀನಿ, ತೊಂದರೆ ಇಲ್ಲ." ಹೊದಿಕೆಯ ಅಂಚು ಸರಿಪಡಿಸಿದಳು. "ಒಬ್ಬ ಹೆಣ್ಣುಮಗಳು ದಾರಿ ತಪ್ಪಿ ಶೆಡ್ಡಿಗೆ ಬಂದುಬಿಟ್ಲು ಸಾರ್. ಮಗುವಿಗೆ ಹುಷಾರಿಲ್ಲ, ನನ್ನ ಬತ್ತಿ ಎಷ್ಟು ಉರಿದಿದೆ ನೋಡಿ ಹೇಳ್ತೀರಾ ಅಂದ್ಲು. ಅವಳ ಚೀಟಿ ನನ್ನ ಜರಡಿಯಲ್ಲೇ ಇದ್ದಿರಬೇಕು. ಪೂರ್ತಿ ಉರಿಯಿತಮ್ಮ, ನೆಮ್ಮದಿಯಾಗಿ ಹೋಗು ಅಂದುಬಿಟ್ಟೆ. ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡ್ಲು. ಆವತ್ತಿಂದ ಅನ್ನ ಗಂಟಲಲ್ಲಿ ಇಳಿಯಲಿಲ್ಲ."

"ಐದು ಗಂಟೆಗೆ ಅವರು ದೂರು ಕೊಡ್ತಾರೆ ಅಕ್ಕಾ."

"ಕೊಡ್ಲಿ. ನಲವತ್ತು ಕೊಟ್ಟಾಗಿದೆ. ನಂಬರ್ ನೋಡ್ತೀನಿ, ಆಫೀಸಿನಿಂದ ತಂದ ವಿಳಾಸದ ಸ್ಟಿಕರಿನಲ್ಲಿ ಅದೇ ನಂಬರ್ ಹುಡುಕ್ತೀನಿ, ಮನೆ ಸಿಗತ್ತೆ. ಇದೊಂದೇ ತಲೆನೋವು ನೋಡಿ." ಚೀಲದ ಬಾಯಿಯಿಂದ ಒಂದು ಚೀಟಿ ತೆಗೆದು ಚಾಚಿದಳು. "ನಂಬರ್ರೇ ಇಲ್ಲ. ಕೆಲಸದವರು ಹಚ್ಚಿದ ಬತ್ತಿಗೆ ನಂಬರ್ ಹಾಕಲ್ಲ, ಗುಮಾಸ್ತರು ಓದೋದೂ ಇಲ್ಲ. ನಮ್ಮಂಥವರಿಗೆ ಏನು ತಾನೆ ಮಾರ್ತಾರೆ? ಯಾರದ್ದು ಅಂತ ಓದಿ ಹೇಳಿ. ನಮ್ಮವರೇ ಯಾರೋ, ಪಾಪ."

ಓದಿದೆ.

'ಅಪ್ಪ ಓಡಿಹೋಗಿಲ್ಲ. ಬೆಂಕಿ ಬಿದ್ದಾಗ ಕಡಾಯಿ ಕೋಣೆಯಲ್ಲೇ ಇದ್ದರು, ಹೊರಗೆ ಬರಲೇ ಇಲ್ಲ. ಹೆದರಿ ಸುಳ್ಳು ಬರೆದುಕೊಟ್ಟೆ. ಇದು ಅಮ್ಮನಿಗೆ ಯಾವತ್ತೂ ಗೊತ್ತಾಗದೆ ಇರಲಿ.'

ಆ ಅಕ್ಷರ ನಾನು ಬಲ್ಲೆ. ಆರು ವರ್ಷದ ಹಿಂದೆ ಅದರ ಕೆಳಗೇ ಸಹಿ ಹಾಕಿದ್ದೆ. ಆವತ್ತು ನಾಲ್ಕನೆಯ ಪ್ರಶ್ನೆಯೊಂದನ್ನು ಕೇಳಿದ್ದರೆ, ಬೂದಿಯನ್ನೊಮ್ಮೆ ಕೆದಕಿಸಿದ್ದರೆ, ಈ ಹೆಂಗಸು ಸತ್ತ ಗಂಡನನ್ನು ಆರು ವರ್ಷ ಬೈಯಬೇಕಾಗಿರಲಿಲ್ಲ. ಅವನು ಸತ್ತ ಜಾಗದಲ್ಲೇ ಎದ್ದ ಶೆಡ್ಡಿನಲ್ಲಿ ನಿಂತು ಜರಡಿ ಹಿಡಿಯಬೇಕಾಗಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಒಂದು ಸಾವನ್ನು ಮುಚ್ಚಿಟ್ಟದ್ದಕ್ಕೆ ಸಾಕ್ಷಿ. ಅದರ ಮೇಲೆ ನನ್ನ ಹೆಸರಿಲ್ಲ, ಅಷ್ಟೇ.

"ಏನಂತ ಇದೆ?"

"ಯಾರೋ ಪರೀಕ್ಷೆ ಪಾಸಾಗಲಿ ಅಂತ ಬರೆದಿದ್ದಾರೆ," ಎಂದೆ. ಸುಳ್ಳು ಎಷ್ಟು ಬೇಗ ಬಾಯಿಗೆ ಬಂತು ಎಂದು ನನಗೇ ಹೇಸಿಗೆಯಾಯಿತು.

ಜರಡಿಯಕ್ಕ ನನ್ನ ಮುಖವನ್ನೇ ನೋಡಿದಳು. "ಅಷ್ಟು ಹೊತ್ತು ಓದಿದ್ರಿ. ಪಾಸಾಗಲಿ ಅನ್ನೋಕೆ ಅಷ್ಟೊಂದು ಅಕ್ಷರ ಬೇಕಾ ಸಾರ್?"

ಅಷ್ಟರಲ್ಲಿ ಬಾಗಿಲು ಬಡಿದುಕೊಂಡು ತೆರೆಯಿತು. ಮಗಳು. ಟೋಪಿ ಎಲ್ಲೋ ಬಿದ್ದುಹೋಗಿತ್ತು, ಏದುಸಿರು. "ಅಮ್ಮ, ಏಳು. ಅವರು ನನ್ನ ಹಿಂದೇನೇ ಬಂದ್ರು, ಟ್ಯಾಂಕಿನ ಹತ್ರ ಇದ್ದಾರೆ." ಆಮೇಲೆ ನನ್ನ ಕೈಯಲ್ಲಿದ್ದ ಚೀಟಿಯನ್ನು ಕಂಡಳು. ನನ್ನ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದಳು. ಮೆಲ್ಲಗೆ, ಒಂದೇ ಸಲ.

ಹೊರಗೆ ಬೈಕಿನ ಸದ್ದು ಕೇಳಿಸಿತು. ಲಾಂಡ್ರಿಯವಳು ಯಾರೂ ಹೇಳದೆಯೇ ಹೋಗಿ ಅಗಳಿ ಹಾಕಿದಳು.

"ಬಂದ್ಯಾ ಮಗಾ. ಒಳ್ಳೇದಾಯ್ತು," ಎಂದಳು ಜರಡಿಯಕ್ಕ. ಹೊರಗಿನ ಸದ್ದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ನನ್ನ ಕೈಯಿಂದ ಚೀಟಿಯನ್ನು ಕಿತ್ತುಕೊಂಡು ಮಗಳ ಕೈಯಲ್ಲಿಟ್ಟಳು. "ಇವರಿಗೆ ಕಣ್ಣು ಸರಿಯಾಗಿ ಕಾಣಲ್ಲ ಅಂತ ಕಾಣತ್ತೆ. ನೀನು ಓದು. ಯಾರದ್ದೋ ಅವರಿಗೆ ತಲುಪಿಸಿಬಿಡೋಣ."

ಹುಡುಗಿ ಚೀಟಿಯನ್ನು ನೋಡಿದಳು. ಬಾಗಿಲಿನ ಮೇಲೆ ಮೊದಲ ಗುದ್ದು ಬಿತ್ತು. ಅವಳು ಸುಳ್ಳು ಹೇಳಬಹುದಿತ್ತು, ಅವಳಿಗೆ ಆರು ವರ್ಷದ ಅಭ್ಯಾಸವಿತ್ತು. ನಾನಂತೂ ಹೇಳಿಯಾಗಿತ್ತು. ಹೇಳಲಿ ಎಂದು ಒಂದು ಕ್ಷಣ ನಾನು ಆಸೆಪಟ್ಟದ್ದೂ ನಿಜ, ಯಾಕೆಂದರೆ ಅವಳು ಓದಿದರೆ ಮುಂದಿನ ಸರದಿ ನನ್ನದಾಗಿತ್ತು.

"ಅಪ್ಪ ಓಡಿಹೋಗಿಲ್ಲ," ಎಂದು ಓದಿದಳು.

ಮಡಿಸುತ್ತಿದ್ದ ಹೊದಿಕೆ ಜರಡಿಯಕ್ಕನ ಮಡಿಲಿಗೆ ಜಾರಿತು.

"ಯಾರ ಅಪ್ಪ?" ಎಂದಳು.